ಗಡಸು ನೀರು, ಕೃತಕ ರಾಳ ಮತ್ತು ಟೊಳ್ಳು ನೂಲು

ಮನೆಯ ಜಗಲಿಗೆ ಶಹಾಬಾದ್ ಕಲ್ಲು ಹಾಸಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ನಿಂಬೆರಸದ ಹನಿ ಅದರ ಮೇಲೆ ಬಿದ್ದು ಸ್ವಲ್ಪ ಹೊತ್ತು ನಿಂತರೆ ಆ ಜಾಗದ ನುಣುಪು ಹೋಗಿ ಮಚ್ಚೆ ಉಳಿಯುತ್ತದೆ. ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ. ಅದು ಕಲ್ಲಿಗೆ ಅಂಟಿದ ಕೊಳೆಯಲ್ಲ, ಹುಳಿಗೆ ಕಲ್ಲೇ ಅಷ್ಟು ಕರಗಿರುತ್ತದೆ. ಕಲ್ಲು ಕರಗುತ್ತದೆ ಎಂಬ ಈ ಸಣ್ಣ ಮಾತಿನಿಂದಲೇ ಈ ಸಂಚಿಕೆಯ ಪಾಠವನ್ನು ಆರಂಭಿಸುತ್ತೇವೆ.

ಪಾಠಕ್ಕೆ ಕಾರಣ ನಮ್ಮ ಸದಸ್ಯರೊಬ್ಬರ ಪ್ರಶ್ನೆ. ಅವರು ಬಯಲುಸೀಮೆಯಲ್ಲಿ ಹೊಸದಾಗಿ ಅಡಿಕೆ ತೋಟ ಎಬ್ಬಿಸಿದ್ದಾರೆ. ಕೊಳವೆಬಾವಿಯ ನೀರು ಬಹಳ ಗಡಸು. ಎರಡನೆಯ ಬೇಸಿಗೆಗೇ ಹನಿ ನೀರಾವರಿಯ ಡ್ರಿಪ್ಪರುಗಳು ಬಿಳಿ ಹಕ್ಕಳೆ ಕಟ್ಟಿ ಮುಚ್ಚಿಹೋದವು. ಹೀಗಿರುವಾಗ ಯಾರೋ ಒಂದು ಯಂತ್ರದ ಪ್ರಚಾರ ಪತ್ರವನ್ನು ಅವರ ಕೈಗಿತ್ತರು. ಕೂದಲಿನಷ್ಟು ಸಣ್ಣ ಟೊಳ್ಳು ನೂಲುಗಳೊಳಗೆ ಅಯಾನು ವಿನಿಮಯ ರಾಳವನ್ನು ತುಂಬಿದ ಹೊಸ ಸಾಧನವಂತೆ. ನೀರಿನ ಗಡಸುತನವನ್ನು ಕ್ಷಣದಲ್ಲಿ ತೆಗೆಯುತ್ತದಂತೆ. "ಸಾಲ ಮಾಡಿಯಾದರೂ ಇದನ್ನು ತೋಟಕ್ಕೆ ಹಾಕಬಹುದೇ?" ಎಂದು ಅವರು ಕೇಳಿದರು. ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದಿತ್ತು. ಆದರೆ ನಾಳೆ ಇನ್ನೊಬ್ಬ ಸದಸ್ಯರ ಕೈಗೆ ಇನ್ನೊಂದು ಪತ್ರ ಬರುತ್ತದೆ. ಆದ್ದರಿಂದ ವಿಷಯದ ಮೂಲವನ್ನೇ ತಿಳಿದುಕೊಳ್ಳುವುದು ಲೇಸೆಂದು ನಮಗೆ ತೋರಿತು.

ಸುಣ್ಣಕಲ್ಲಿನ ಸೀಮೆ

ಗಡಸು ನೀರಿನ ಕಥೆಯನ್ನು ಅರಿಯಲು ಕಲಬುರಗಿ ಜಿಲ್ಲೆಯ ಕಡೆ ನೋಡಬೇಕು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಸುತ್ತ ಹಬ್ಬಿರುವ ಸುಣ್ಣಕಲ್ಲು ಐವತ್ತು ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂಡಿದ್ದು. ಭೂಗರ್ಭ ಶಾಸ್ತ್ರಜ್ಞರು ಇದನ್ನು ಭೀಮಾ ಶಿಲಾಸಮೂಹಕ್ಕೆ ಸೇರಿಸಿ, ಊರಿನ ಹೆಸರಿನಿಂದಲೇ ಶಹಾಬಾದ್ ಸುಣ್ಣಕಲ್ಲು ಎಂದು ಕರೆಯುತ್ತಾರೆ. ಪದರುಗಳು ಮಟ್ಟಸವಾಗಿರುವುದರಿಂದ ಹಲಗೆಯಂತೆ ಏಳುತ್ತವೆ. ಅಲ್ಲಿಯವರು ಫರಸಿ ಎನ್ನುವ ಈ ಹಾಸುಗಲ್ಲು ನಾಡಿನ ಎಷ್ಟೋ ಮನೆಗಳ ನೆಲಕ್ಕೆ ಬಂದಿದೆ. ಅದೇ ಕಲ್ಲನ್ನು ಸುಟ್ಟರೆ ಸಿಮೆಂಟ್. ವಾಡಿಯಲ್ಲಿ 1968ರಿಂದ ಸಿಮೆಂಟ್ ತಯಾರಾಗುತ್ತಿದೆ. ಸೇಡಂ ಮತ್ತು ಮಳಖೇಡದಲ್ಲಿಯೂ ದೊಡ್ಡ ಕಾರ್ಖಾನೆಗಳಿವೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟವೇ ಈ ಮಳಖೇಡ. ಅದು ಕಾಗಿಣಾ ನದಿಯ ದಂಡೆಯ ಮೇಲಿದೆ.

ಮಳೆ ನೀರು ಗಾಳಿಯಿಂದಲೂ ಬೇರುಗಳಿರುವ ಮಣ್ಣಿನಿಂದಲೂ ಇಂಗಾಲಾಮ್ಲ ಅನಿಲವನ್ನು ಹೀರಿಕೊಂಡು ತುಸು ಹುಳಿಯಾಗುತ್ತದೆ. ಹಾಗೆ ಹುಳಿಯಾದ ನೀರು ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿಯುವಾಗ ಕಲ್ಲನ್ನು ಕರಗಿಸುತ್ತಾ ಹೋಗುತ್ತದೆ. ಜಗಲಿಯ ಮೇಲೆ ನಿಂಬೆರಸ ಮಾಡಿದ ಕೆಲಸವೇ ಇದು, ಆದರೆ ಬಹು ನಿಧಾನವಾಗಿ. ಬಾವಿಯಲ್ಲಿ ಸೇರುವ ನೀರು ಕನ್ನಡಿಯಂತೆ ತಿಳಿಯಾಗಿರುತ್ತದೆ. ಅದರೊಳಗೆ ಕಣ್ಣಿಗೆ ಕಾಣದ ಸುಣ್ಣವಿರುತ್ತದೆ. ಇಂಥ ನೀರಿನಲ್ಲಿ ಸಾಬೂನು ನೊರೆ ಕೊಡುವುದಿಲ್ಲ. ಹಂಡೆಯ ಒಳಮೈಗೆ ಹಕ್ಕಳೆ ಕಟ್ಟುತ್ತದೆ. ತೊಗರಿಯ ಕಣಜವೆಂದು ಹೆಸರಾದ ಜಿಲ್ಲೆ ಅದು. ಆದರೆ ಗಡಸು ನೀರಿನಲ್ಲಿ ತೊಗರಿಬೇಳೆ ಬೇಗನೆ ಬೇಯುವುದಿಲ್ಲ. ನೀರಿನ ಕ್ಯಾಲ್ಸಿಯಂ ಬೇಳೆಯ ಕೋಶಗಳ ಗೋಡೆಯಲ್ಲಿರುವ ಪೆಕ್ಟಿನ್ ಎಂಬ ಅಂಟನ್ನು ಇನ್ನಷ್ಟು ಬಿಗಿಮಾಡುವುದೇ ಇದಕ್ಕೆ ಕಾರಣ.

ಕುಡಿಯುವ ನೀರಿಗೆ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರಿನ ಮೂಲವೇ ಇಲ್ಲದ ಕಡೆ 600 ಮಿಲಿಗ್ರಾಂವರೆಗೆ ಒಪ್ಪಬಹುದು. ಮೇಲೆ ಹೇಳಿದ ಸದಸ್ಯರ ನೀರು ಲೀಟರಿಗೆ ಸುಮಾರು 500 ಮಿಲಿಗ್ರಾಂ ತೋರಿಸಿತ್ತು. ಈ ಅಂಕಿಯನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಲೆಕ್ಕಕ್ಕೆ ಬೇಕಾಗುತ್ತದೆ.

ಕರಗಿದ್ದನ್ನು ಸೋಸಲಾಗದು

ಕೆಸರು ನೀರನ್ನು ಬಟ್ಟೆಯಲ್ಲಿ ಸೋಸಬಹುದು. ಕರಗಿದ ಸುಣ್ಣವನ್ನು ಸೋಸಲು ಬಟ್ಟೆಯಾಗಲಿ ಮರಳಾಗಲಿ ಸಾಲದು. ಏಕೆಂದರೆ ಕರಗಿದಾಗ ಅದು ಕಣವಾಗಿ ಉಳಿಯದೆ ವಿದ್ಯುತ್ ಅಂಶವನ್ನು ಹೊತ್ತ ಪರಮಾಣುಗಳಾಗಿ ಬಿಡಿಬಿಡಿಯಾಗಿರುತ್ತದೆ. ಇವುಗಳಿಗೆ ಅಯಾನುಗಳೆಂದು ಹೆಸರು. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಯಾನುಗಳಿಗೆ ಎರಡೆರಡು ಧನ ಅಂಶಗಳು. ಸೋಡಿಯಂ, ಪೊಟ್ಯಾಸಿಯಂಗಳಿಗೆ ಒಂದೊಂದು. ಗಡಸುತನಕ್ಕೆ ಕಾರಣ ಮೊದಲಿನ ಎರಡು.

ಸೋಸಲಾಗದ್ದನ್ನು ಬದಲಾಯಿಸಿಕೊಳ್ಳಬಹುದು. ಅಯಾನುಗಳನ್ನು ಹಿಡಿದಿಟ್ಟುಕೊಳ್ಳುವ ಒಂದು ವಸ್ತುವಿನ ಮೇಲೆ ನೀರನ್ನು ಹರಿಸಿದರೆ, ಆ ವಸ್ತು ತನ್ನಲ್ಲಿರುವ ಸೋಡಿಯಂ ಕೊಟ್ಟು ನೀರಿನ ಕ್ಯಾಲ್ಸಿಯಂ ತೆಗೆದುಕೊಳ್ಳುತ್ತದೆ. ಎರಡು ರೂಪಾಯಿಯ ನಾಣ್ಯ ಕೊಟ್ಟವನಿಗೆ ಒಂದು ರೂಪಾಯಿಯ ಎರಡು ನಾಣ್ಯಗಳನ್ನು ಕೊಟ್ಟಂತೆ, ಒಂದು ಕ್ಯಾಲ್ಸಿಯಂಗೆ ಎರಡು ಸೋಡಿಯಂ. ಇದೇ ಅಯಾನು ವಿನಿಮಯ. ಇಲ್ಲಿ ಏನೂ ಮಾಯವಾಗುವುದಿಲ್ಲ. ಜಮಾ ಬಂದಷ್ಟೇ ಖರ್ಚು ಬೀಳುತ್ತದೆ. ಈ ಪಾಠದಲ್ಲಿ ನೆನಪಿಡಬೇಕಾದ ಮುಖ್ಯ ಸೂತ್ರವೂ ಇದೇ.

ಗೊಬ್ಬರದಿಂದ ಹುಟ್ಟಿದ ಶೋಧನೆ

ಈ ವಿನಿಮಯವನ್ನು ಮೊದಲು ಗುರುತಿಸಿದ್ದು ಕಾರ್ಖಾನೆಯಲ್ಲಲ್ಲ, ಬೇಸಾಯದಲ್ಲಿ. ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಜಮೀನುದಾರ ಥಾಮ್ಸನ್ ಎಂಬವರಿಗೆ ಗೊಬ್ಬರದ ಸಾರ ಮಳೆಯಲ್ಲಿ ಕೊಚ್ಚಿಹೋಗುತ್ತದೆಯೇ ಎಂಬ ಚಿಂತೆಯಿತ್ತು. ಅವರು ಮಣ್ಣು ತುಂಬಿದ ಕೊಳವೆಯೊಳಗೆ ಅಮೋನಿಯಂ ಸಲ್ಫೇಟನ್ನು ಹಾಕಿ ನೀರು ಹರಿಸಿ ನೋಡಿದರು. ಕೆಳಗೆ ಇಳಿದು ಬಂದದ್ದು ಹೆಚ್ಚಾಗಿ ಕ್ಯಾಲ್ಸಿಯಂ ಸಲ್ಫೇಟ್. ಅಂದರೆ ಮಣ್ಣು ಅಮೋನಿಯಂ ಹಿಡಿದುಕೊಂಡು ತನ್ನ ಸುಣ್ಣವನ್ನು ಬಿಟ್ಟುಕೊಟ್ಟಿತ್ತು. ಥಾಮಸ್ ವೇ ಎಂಬ ರಸಾಯನ ಶಾಸ್ತ್ರಜ್ಞರು ಇದನ್ನು ವಿವರವಾಗಿ ಪರೀಕ್ಷಿಸಿ 1850 ಮತ್ತು 1852ರಲ್ಲಿ ಇಂಗ್ಲೆಂಡಿನ ರಾಯಲ್ ಕೃಷಿ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ರೈತನ ಗೊಬ್ಬರದ ಚಿಂತೆಯಿಂದ ಒಂದು ವಿಜ್ಞಾನವೇ ಹುಟ್ಟಿತೆಂಬುದು ನಮಗೆಲ್ಲ ಅಭಿಮಾನದ ಸಂಗತಿ.

ಐವತ್ತು ವರ್ಷಗಳ ನಂತರ, 1905ರ ಸುಮಾರಿಗೆ, ಜರ್ಮನಿಯಲ್ಲಿ ಗಾನ್ಸ್ ಎಂಬವರು ಮಣ್ಣಿನ ಈ ಗುಣವುಳ್ಳ ಕೃತಕ ಖನಿಜವನ್ನು ತಯಾರಿಸಿ ನೀರನ್ನು ಮೆದುಗೊಳಿಸಲು ಬಳಸಿದರು. 1935ರಲ್ಲಿ ಆಡಮ್ಸ್ ಮತ್ತು ಹೋಮ್ಸ್ ಎಂಬ ಇಂಗ್ಲಿಷ್ ವಿಜ್ಞಾನಿಗಳು ಇದೇ ಕೆಲಸ ಮಾಡುವ ಕೃತಕ ರಾಳವನ್ನು ರೂಪಿಸಿದರು. ಅನಂತರ 1940ರ ದಶಕದಲ್ಲಿ ಪಾಲಿಸ್ಟೈರೀನ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡಿದ ರಾಳ ಬಂತು. ಇಂದು ನೀರು ಮೆದುಗೊಳಿಸುವ ಸಿಲಿಂಡರುಗಳಲ್ಲಿ ಇರುವುದು ಹೆಚ್ಚಾಗಿ ಇದೇ. ನೋಡಲು ಸಾಸಿವೆಗಿಂತ ಸಣ್ಣ, ಜೇನಿನ ಬಣ್ಣದ ಮಣಿಗಳು.

ರಾಳಕ್ಕೆ ಸೋಡಿಯಂಗಿಂತ ಕ್ಯಾಲ್ಸಿಯಂ ಮೇಲೆ ಒಲವು ಹೆಚ್ಚು. ಅದಕ್ಕೇ ಹರಿಯುವ ನೀರಿನಿಂದ ಅದು ಕ್ಯಾಲ್ಸಿಯಂ ಆರಿಸಿಕೊಳ್ಳುತ್ತದೆ. ಕ್ರಮೇಣ ಮಣಿಗಳೆಲ್ಲ ಕ್ಯಾಲ್ಸಿಯಂನಿಂದ ತುಂಬಿದಾಗ ಕೆಲಸ ನಿಲ್ಲುತ್ತದೆ. ಆಗ ಗಟ್ಟಿಯಾದ ಉಪ್ಪುನೀರನ್ನು ಹರಿಸಬೇಕು. ಸೋಡಿಯಂ ಅಪಾರ ಸಂಖ್ಯೆಯಲ್ಲಿ ನುಗ್ಗಿ ಕ್ಯಾಲ್ಸಿಯಮನ್ನು ಹೊರದಬ್ಬುತ್ತದೆ. ರಾಳ ಮತ್ತೆ ಸಿದ್ಧವಾಗುತ್ತದೆ. ಹೊರಬಂದ ಉಪ್ಪುನೀರನ್ನು ಎಲ್ಲಿಗಾದರೂ ಬಿಡಲೇಬೇಕು. ಪ್ರಚಾರ ಪತ್ರಗಳಲ್ಲಿ ಈ ಮಾತು ಕಾಣುವುದು ಅಪರೂಪ.

ಟೊಳ್ಳು ನೂಲಿನ ಉಪಾಯ

ಈಗ ಹೊಸ ಸಾಧನದ ವಿಷಯ. ವಿನಿಮಯ ನಡೆಯಬೇಕಾದರೆ ನೀರಿನ ಅಯಾನು ಮಣಿಯ ಮೈಯನ್ನು ಮುಟ್ಟಿ ಅದರ ಒಳಭಾಗದವರೆಗೂ ಹೋಗಬೇಕು. ಮಣಿ ದೊಡ್ಡದಾದಷ್ಟೂ ಒಳಗೆ ಹೋಗಲು ಹೊತ್ತು ಹಿಡಿಯುತ್ತದೆ. ಇಲ್ಲಿ ಒಂದು ನಿಯಮವಿದೆ. ಮಣಿಯ ಗಾತ್ರವನ್ನು ಅರ್ಧಕ್ಕಿಳಿಸಿದರೆ ತಗಲುವ ಹೊತ್ತು ಕಾಲುಭಾಗಕ್ಕೆ ಇಳಿಯುತ್ತದೆ. 0.6 ಮಿಲಿಮೀಟರ್ ಮಣಿಯ ಬದಲು 0.03 ಮಿಲಿಮೀಟರ್ ಪುಡಿಯನ್ನು ಬಳಸಿದರೆ ಗಾತ್ರ ಇಪ್ಪತ್ತನೇ ಒಂದು ಪಾಲು, ಹೊತ್ತು ನಾನೂರನೇ ಒಂದು ಪಾಲು.

ಹಾಗಾದರೆ ಪುಡಿಯನ್ನೇ ಸಿಲಿಂಡರಿಗೆ ತುಂಬಬಾರದೇಕೆ? ತುಂಬಿದರೆ ನೀರೇ ಹರಿಯುವುದಿಲ್ಲ. ಮರಳಿನ ರಾಶಿಯಲ್ಲಿ ಇಳಿಯುವ ನೀರು ಜೇಡಿಯ ಮುದ್ದೆಯಲ್ಲಿ ಇಳಿಯದಷ್ಟೇ ಸಹಜ ಇದು. ಒತ್ತಡ ಹಾಕಿ ನೂಕಿದರೆ ಪುಡಿಯೂ ನೀರಿನೊಡನೆ ಹೊರಟುಹೋಗುತ್ತದೆ.

ಈ ಇಕ್ಕಟ್ಟಿಗೆ ಕಂಡ ಉಪಾಯವೇ ರಂಧ್ರಮಯ ಟೊಳ್ಳು ನೂಲು. ಶ್ಯಾವಿಗೆ ಒರಳನ್ನು ನೆನಪಿಗೆ ತಂದುಕೊಳ್ಳಿ. ಹಿಟ್ಟು ಇಳಿಯುವ ರಂಧ್ರದ ನಡುವೆ ಒಂದು ಸೂಜಿ ನಿಲ್ಲಿಸಿದರೆ ಶ್ಯಾವಿಗೆಯ ಎಳೆ ಕೊಳವೆಯಾಗಿ ಬರುತ್ತದೆ. ಅದೇ ರೀತಿ, ದ್ರಾವಕದಲ್ಲಿ ಕರಗಿಸಿದ ಪ್ಲಾಸ್ಟಿಕನ್ನು ಉಂಗುರದಾಕಾರದ ಸಣ್ಣ ರಂಧ್ರದಿಂದ ನೂಕಿ ನೀರಿನ ತೊಟ್ಟಿಗೆ ಇಳಿಸುತ್ತಾರೆ. ದ್ರಾವಕ ನೀರಿಗೆ ಬಿಟ್ಟುಹೋಗುತ್ತದೆ, ಪ್ಲಾಸ್ಟಿಕ್ ಹೆಪ್ಪುಗಟ್ಟುತ್ತದೆ, ದ್ರಾವಕವಿದ್ದ ಜಾಗಗಳು ಕಣ್ಣಿಗೆ ಕಾಣದ ರಂಧ್ರಗಳಾಗಿ ಉಳಿಯುತ್ತವೆ. ಈ ನೂಲಿನ ಟೊಳ್ಳಿನಲ್ಲಿ ರಾಳದ ಪುಡಿಯನ್ನು ತುಂಬಿ ತುದಿಗಳನ್ನು ಮುಚ್ಚಬಹುದು. ಅಥವಾ ನೂಲು ತೆಗೆಯುವಾಗಲೇ ಪುಡಿಯನ್ನು ಪ್ಲಾಸ್ಟಿಕ್ಕಿನೊಡನೆ ಕಲಸಿ ಗೋಡೆಯಲ್ಲೇ ಹುದುಗಿಸಬಹುದು. ಗೋಡೆಯ ರಂಧ್ರಗಳಲ್ಲಿ ಅಯಾನುಗಳು ಸರಾಗವಾಗಿ ಓಡಾಡುತ್ತವೆ. ಪುಡಿಯ ಕಣಗಳು ಹಾಯಲಾರವು. ನೀರು ನೂಲುಗಳ ನಡುವಿನ ಸಂದಿನಲ್ಲಿ ತಡೆಯಿಲ್ಲದೆ ಹರಿಯುತ್ತದೆ. ಪುಡಿಯ ವೇಗ, ಮಣಿಯ ಸುಲಭ ಹರಿವು, ಎರಡೂ ಒಟ್ಟಿಗೆ ದೊರೆತಂತಾಯಿತು.

ರಾಳವಿಲ್ಲದ ಟೊಳ್ಳು ನೂಲು ನಮಗೆ ಅಪರಿಚಿತವಲ್ಲ. ಇಂದು ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಮೂತ್ರಪಿಂಡದ ರೋಗಿಗಳಿಗೆ ಡಯಾಲಿಸಿಸ್ ಮಾಡುತ್ತಾರೆ. ಆ ಯಂತ್ರಕ್ಕೆ ಜೋಡಿಸುವ ಗೇಣುದ್ದದ ಕೊಳವೆಯೊಳಗೆ ಇಂಥ ಸುಮಾರು ಹತ್ತು ಸಾವಿರ ನೂಲುಗಳಿರುತ್ತವೆ. ಒಂದೊಂದರ ಒಳ ಅಗಲ ಸುಮಾರು 0.2 ಮಿಲಿಮೀಟರ್. ರಕ್ತ ನೂಲಿನೊಳಗೆ ಹರಿಯುತ್ತದೆ, ಕಲ್ಮಶ ಗೋಡೆ ದಾಟಿ ಹೊರಹೋಗುತ್ತದೆ.

ರಾಳ ತುಂಬಿದ ನೂಲಿನ ನಿಜವಾದ ಉಪಯೋಗ ಇರುವುದು ಬಹಳ ನೀರಿನಲ್ಲಿ ಅಲ್ಪ ಪ್ರಮಾಣದಲ್ಲಿರುವ ಬೆಲೆಯುಳ್ಳ ಅಥವಾ ಅಪಾಯಕಾರಿಯಾದ ಲೋಹವನ್ನು ಆರಿಸಿ ತೆಗೆಯುವುದರಲ್ಲಿ. ನಮಗೆ ಹತ್ತಿರದ ಉದಾಹರಣೆ ತಾಮ್ರ. ಶೇಕಡಾ 1ರ ಬೋರ್ಡೊ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಹಾಕುತ್ತೇವೆ; ಅದರಲ್ಲಿ ಸುಮಾರು 250 ಗ್ರಾಂ ತಾಮ್ರವಿದೆ. ತಾಮ್ರವನ್ನೇ ಬಿಗಿಯಾಗಿ ಹಿಡಿಯುವ ವಿಶೇಷ ರಾಳಗಳಿವೆ. ಲೋಹದ ಲೇಪ ಹಾಕುವ ಕಾರ್ಖಾನೆಗಳ ತೊಳೆದ ನೀರಿನಲ್ಲಿ ಕರಗಿರುವ ತಾಮ್ರವನ್ನು ಇಂಥ ರಾಳದಿಂದ ಹಿಡಿದು, ಸ್ವಲ್ಪ ಆಮ್ಲದಲ್ಲಿ ಬಿಡಿಸಿಕೊಂಡು, ಮತ್ತೆ ಬಳಸಬಹುದು.

ಒಂದು ಎಕರೆಯ ಲೆಕ್ಕ

ಇಷ್ಟು ತಿಳಿದ ಮೇಲೆ ಸದಸ್ಯರ ಪ್ರಶ್ನೆಗೆ ಬರೋಣ. ನೂಲು ಹೆಚ್ಚಿಸುವುದು ವೇಗವನ್ನು ಮಾತ್ರ. ಒಂದು ಲೀಟರ್ ರಾಳ ಎಷ್ಟು ಸುಣ್ಣವನ್ನು ಹಿಡಿಯಬಲ್ಲದೆಂಬ ಅಳತೆ, ಅದನ್ನು ಮಣಿಯಾಗಿಟ್ಟರೂ ಅಷ್ಟೇ, ನೂಲಿನಲ್ಲಿಟ್ಟರೂ ಅಷ್ಟೇ. ಎಷ್ಟು ಬೇಗ ಅಳೆದರೂ ಒಂದು ಸೇರಿನ ಪಾತ್ರೆಗೆ ಹಿಡಿಯುವುದು ಒಂದೇ ಸೇರು.

9 ಅಡಿ ಅಂತರದ ತೋಟದಲ್ಲಿ ಎಕರೆಗೆ ಸುಮಾರು 540 ಅಡಿಕೆ ಮರ. ಬೇಸಿಗೆಯಲ್ಲಿ ಮರವೊಂದಕ್ಕೆ ದಿನಕ್ಕೆ 16 ಲೀಟರಿನಂತೆ ಹಿಡಿದರೆ 8,640 ಲೀಟರ್ ನೀರು. ಲೀಟರಿಗೆ 500 ಮಿಲಿಗ್ರಾಂ ಗಡಸುತನವೆಂದರೆ ದಿನವೊಂದಕ್ಕೆ 4.3 ಕಿಲೋ ಸುಣ್ಣಕಲ್ಲಿಗೆ ಸಮನಾದ ಭಾರವನ್ನು ರಾಳ ಹೊರಬೇಕು. ಒಂದು ಲೀಟರ್ ರಾಳ ಒಂದು ಸರದಿಗೆ ಸುಮಾರು 50 ಗ್ರಾಂ ಹೊರುತ್ತದೆ. 25 ಲೀಟರ್ ರಾಳದ ಸಾಧನವಾದರೆ ದಿನಕ್ಕೆ ಮೂರು ನಾಲ್ಕು ಸಲ ಉಪ್ಪುನೀರು ಕೊಡಬೇಕು. ಇದಕ್ಕೆ ಲೆಕ್ಕದ ಪ್ರಕಾರ ಕನಿಷ್ಠ 5 ಕಿಲೋ, ಬಳಕೆಯಲ್ಲಿ ಸುಮಾರು ಅದರ ಎರಡರಷ್ಟು ಉಪ್ಪು ಬೇಕು. ನೂರು ದಿನಗಳ ಬೇಸಿಗೆಗೆ ಒಂದು ಎಕರೆಗೆ ಹೆಚ್ಚು ಕಡಿಮೆ ಒಂದು ಟನ್ ಉಪ್ಪು! ಯಂತ್ರದ ಬೆಲೆಯಲ್ಲಿ ಈ ಖರ್ಚು ಸೇರಿರುವುದಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಮೆದುವಾದ ಆ ನೀರಿನಲ್ಲಿ ಈಗ ಕ್ಯಾಲ್ಸಿಯಂ ಇಲ್ಲ. ಅದರ ಬದಲು ಲೀಟರಿಗೆ 230 ಮಿಲಿಗ್ರಾಂ ಸೋಡಿಯಂ ಹೆಚ್ಚಾಗಿ ಬಂದು ಸೇರಿದೆ. ಎಕರೆಗೆ ದಿನಕ್ಕೆ ಸುಮಾರು 2 ಕಿಲೋ, ನೂರು ದಿನಕ್ಕೆ 200 ಕಿಲೋ ಸೋಡಿಯಂ ಬುಡಕ್ಕೆ ಹೋಗುತ್ತದೆ. ಅಲ್ಲಿ ಅದು ಏನು ಮಾಡುತ್ತದೆ?

ಕಾಲ ಕೆಳಗಿನ ರಾಳ

ಥಾಮ್ಸನ್ ಅವರ ಕೊಳವೆಯ ಪಾಠ ಇಲ್ಲಿ ನೆರವಿಗೆ ಬರುತ್ತದೆ. ಮಣ್ಣೂ ಒಂದು ವಿನಿಮಯ ರಾಳವೇ. ಜೇಡಿ ಕಣಗಳು ಮತ್ತು ಕೊಳೆತ ಸೊಪ್ಪಿನ ಸಾರ ಅಯಾನುಗಳನ್ನು ಹಿಡಿದಿಟ್ಟು ಬೇರುಗಳಿಗೆ ಸ್ವಲ್ಪ ಸ್ವಲ್ಪವಾಗಿ ಒದಗಿಸುತ್ತವೆ. ಚಿತ್ತಾಪುರ, ಸೇಡಂಗಳ ಎರೆ ಮಣ್ಣಿನ ಜೇಡಿಗೆ ಈ ಶಕ್ತಿ ಅಪಾರ. ನಮ್ಮ ಮಲೆನಾಡಿನ ಕೆಂಪು ಜಂಬಿಟ್ಟಿಗೆ ಮಣ್ಣಿನ ಜೇಡಿಗೆ ಅದರ ಹತ್ತನೇ ಒಂದು ಪಾಲಿನಷ್ಟೂ ಇಲ್ಲದಿರಬಹುದು. ನಮ್ಮಲ್ಲಿ ಹಿಡಿತದ ಬಹುಭಾಗ ಬರುವುದು ಸೊಪ್ಪು, ದರಗು, ಕೊಟ್ಟಿಗೆ ಗೊಬ್ಬರಗಳಿಂದ. ಹಿರಿಯರು ತೋಟಕ್ಕೆ ಸೊಪ್ಪು ಹೊತ್ತು ಹಾಕುತ್ತಿದ್ದಾಗ ಮಣ್ಣಿನೊಳಗೆ ರಾಳವನ್ನೇ ತುಂಬುತ್ತಿದ್ದರು ಎನ್ನಬಹುದು.

ಸೋಡಿಯಂ ತುಂಬಿದ ನೀರು ಸತತವಾಗಿ ಬಿದ್ದರೆ ಮಣ್ಣು ಕ್ಯಾಲ್ಸಿಯಂ ಬಿಟ್ಟು ಸೋಡಿಯಂ ಹಿಡಿಯುತ್ತದೆ. ಕ್ಯಾಲ್ಸಿಯಂ ಇದ್ದಾಗ ಜೇಡಿ ಕಣಗಳು ಗುಂಪುಗೂಡಿ ಮಣ್ಣು ಪುಡಿಪುಡಿಯಾಗಿರುತ್ತದೆ. ಸೋಡಿಯಂ ಬಂದಾಗ ಅವು ಚದುರಿ ಸಂದುಗಳನ್ನು ಮುಚ್ಚುತ್ತವೆ. ಒದ್ದೆಯಾದರೆ ಜಾರು, ಒಣಗಿದರೆ ಕಲ್ಲು. ನೀರೂ ಗಾಳಿಯೂ ಬೇರಿಗೆ ಇಳಿಯುವುದಿಲ್ಲ. ಉತ್ತರದ ಜಿಲ್ಲೆಗಳಲ್ಲಿ ಚೌಳು ಭೂಮಿಯ ಸಂಕಟವನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅದನ್ನು ಸರಿಪಡಿಸಲು ಹಾಕುವ ಜಿಪ್ಸಂ ಏನು? ಕ್ಯಾಲ್ಸಿಯಂ ಸಲ್ಫೇಟ್. ಯಂತ್ರಕ್ಕೆ ಹಣ ಕೊಟ್ಟು ತೆಗೆಸಿದ ಕ್ಯಾಲ್ಸಿಯಮನ್ನೇ ಮತ್ತೆ ಹಣ ಕೊಟ್ಟು ಚೀಲದಲ್ಲಿ ತಂದಂತಾಯಿತು.

ಮಲೆನಾಡಿನ ಲೆಕ್ಕ ಇದಕ್ಕೆ ತಿರುಗುಮುರುಗು. ಇಲ್ಲಿ ಭಾರೀ ಮಳೆ ಕ್ಯಾಲ್ಸಿಯಮನ್ನು ತೊಳೆದೊಯ್ದು, ಅದರ ಜಾಗದಲ್ಲಿ ಜಲಜನಕ ಮತ್ತು ಅಲ್ಯೂಮಿನಿಯಂ ಅಯಾನುಗಳು ಕೂತು ಮಣ್ಣು ಹುಳಿಯಾಗುತ್ತದೆ. ಕಾಫಿಗೆ ಮಣ್ಣಿನ ರಸಸಾರ ಸುಮಾರು 6ರಿಂದ 6.5 ಇದ್ದರೆ ಒಳ್ಳೆಯದು. ಮಣ್ಣು ಪರೀಕ್ಷೆ ಮಾಡಿಸಿ ಕೃಷಿ ಸುಣ್ಣ ಅಥವಾ ಡೋಲೊಮೈಟ್ ಹಾಕುತ್ತೇವಲ್ಲ, ಅದೂ ಅಯಾನು ವಿನಿಮಯವೇ. ಶಹಾಬಾದಿನ ಬಾವಿಯಲ್ಲಿ ತೊಂದರೆ ಕೊಡುವ ಪದಾರ್ಥವೇ ಕೊಡಗು, ಚಿಕ್ಕಮಗಳೂರುಗಳ ತೋಟದಲ್ಲಿ ಗೊಬ್ಬರದಷ್ಟು ಬೆಲೆಯುಳ್ಳದ್ದು.

ಹಾಗಾದರೆ ಮಾಡಬೇಕಾದ್ದೇನು?

ಸದಸ್ಯರಿಗೆ ನಮ್ಮ ಸಲಹೆಗಳು ಇವು:

1. ಉಪ್ಪಿನಿಂದ ಮರುಜೀವ ಪಡೆಯುವ ಯಾವ ಮೆದುನೀರಿನ ಯಂತ್ರವನ್ನೂ ತೋಟದ ನೀರಾವರಿಗೆ ಕೊಳ್ಳಬೇಡಿ. ಒಳಗಿರುವುದು ಮಣಿಯಾದರೂ ನೂಲಾದರೂ ಉತ್ತರ ಒಂದೇ.

2. ಮೊದಲು ನೀರನ್ನೂ ಮಣ್ಣನ್ನೂ ಪರೀಕ್ಷೆ ಮಾಡಿಸಿ. ಗಡಸುತನದ ಜೊತೆಗೆ ಸೋಡಿಯಂ, ಬೈಕಾರ್ಬೊನೇಟ್, ರಸಸಾರ, ಒಟ್ಟು ಲವಣಾಂಶಗಳನ್ನು ಕೇಳಿ ಬರೆಸಿಕೊಳ್ಳಿ.

3. ಡ್ರಿಪ್ಪರಿನ ಹಕ್ಕಳೆಯನ್ನು ಪುಡಿಮಾಡಿ ನಿಂಬೆರಸ ಹಾಕಿ ನೋಡಿ. ನೊರೆಯೆದ್ದರೆ ಅದು ಸುಣ್ಣ. ಏಳದಿದ್ದರೆ ಕಬ್ಬಿಣದ ಕಿಲುಬೋ ಪಾಚಿಯೋ ಇರಬಹುದು. ಅದಕ್ಕೆ ಬೇರೆ ಉಪಚಾರ.

4. ಸುಣ್ಣವಾದರೆ ಕೊಳವೆಗಳ ತುದಿ ಬಿಚ್ಚಿ ಆಗಾಗ ನೀರು ಹರಿಯಬಿಡಿ. ತಜ್ಞರು ಹೇಳಿದ ಪ್ರಮಾಣದಲ್ಲಿ ಆಮ್ಲ ಹಾಯಿಸಿ ತೊಳೆಯಿರಿ. ಯಾವಾಗಲೂ ನೀರಿಗೆ ಆಮ್ಲ ಸುರಿಯಬೇಕು, ಆಮ್ಲಕ್ಕೆ ನೀರು ಸುರಿಯಬಾರದು. ಕೈಗವಸು, ಕನ್ನಡಕ ಮರೆಯಬೇಡಿ.

5. ಮಳೆಗಾಲದ ನೀರನ್ನು ಹೊಂಡದಲ್ಲಿ ಕೂಡಿಸಲು ಅನುಕೂಲವಿದ್ದವರು ಅದನ್ನು ಕೊಳವೆಬಾವಿಯ ನೀರಿಗೆ ಬೆರೆಸಬಹುದು. ಎರಡನ್ನೂ ಸಮನಾಗಿ ಬೆರೆಸಿದರೆ ಗಡಸುತನ ಹೆಚ್ಚು ಕಡಿಮೆ ಅರ್ಧಕ್ಕಿಳಿಯುತ್ತದೆ. ಇದಕ್ಕೆ ಉಪ್ಪಿನ ಖರ್ಚಿಲ್ಲ.

6. ಮನೆಯ ಬಟ್ಟೆ ಒಗೆತಕ್ಕೆ, ನೀರು ಕಾಯಿಸುವ ಹಂಡೆಗೆ, ಬೇಳೆ ಬೇಯಿಸಲು ಸಣ್ಣ ರಾಳದ ಸಾಧನ ಉಪಯುಕ್ತವೇ. ದಿನಕ್ಕೆ 20 ಲೀಟರ್ ನೀರಾದರೆ ಒಂದು ಲೀಟರ್ ರಾಳ ಐದು ದಿನ ನಡೆಯುತ್ತದೆ. ಆದರೆ ಆ ನೀರಿನಲ್ಲಿ ಸೋಡಿಯಂ ಇರುತ್ತದಾದ್ದರಿಂದ ರಕ್ತದೊತ್ತಡವಿರುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ಹೊರಬರುವ ಉಪ್ಪುನೀರನ್ನು ಹಿತ್ತಿಲಿನ ಗಿಡಗಳಿಗೆ ಬಿಡಬಾರದು.

ಪ್ರಶ್ನೆ ಕೇಳಿದ ಸದಸ್ಯರು ಸಾಲದ ಅರ್ಜಿಯನ್ನು ಸದ್ಯಕ್ಕೆ ಹಿಂದಕ್ಕೆ ಪಡೆದಿದ್ದಾರೆ. ಕೊಳವೆಗಳನ್ನು ತೊಳೆಸಿ, ಮುಂದಿನ ಮಳೆಗೆ ಮೊದಲು ಹೊಂಡ ತೋಡಿಸುವ ಯೋಚನೆಯಲ್ಲಿದ್ದಾರೆ. ಟೊಳ್ಳು ನೂಲು ನಿಜವಾಗಿಯೂ ಜಾಣತನದ ಶೋಧನೆ. ಆಸ್ಪತ್ರೆಯಲ್ಲಿ, ಪ್ರಯೋಗಶಾಲೆಯಲ್ಲಿ, ಲೋಹದ ಕಾರ್ಖಾನೆಯಲ್ಲಿ ಅದಕ್ಕೆ ತಕ್ಕ ಸ್ಥಾನವಿದೆ. ತೋಟದಲ್ಲಿ ಆ ಕೆಲಸಕ್ಕೆ ಮಣ್ಣಿದೆ, ಸೊಪ್ಪಿದೆ. ಇನ್ನು ಮುಂದೆ ಯಾರಾದರೂ ಯಂತ್ರ ತಂದು ಅದು ನೀರಿನಿಂದ ಏನನ್ನು ತೆಗೆಯುತ್ತದೆ ಎಂದು ಹೇಳಿದರೆ, ಅದರ ಬದಲಿಗೆ ನೀರಿಗೆ ಏನನ್ನು ಸೇರಿಸುತ್ತದೆ ಎಂಬುದನ್ನೂ ಸದಸ್ಯರು ಮರೆಯದೆ ಕೇಳಬೇಕೆಂದು ಕೋರುತ್ತೇವೆ.